ಟೋಪಾಜ್‌ನ ವಾಕಾಸಾ ನಿಜವಾಗಲೂ ಕಿವುಡರಾಗಿದ್ರಾ? ತಿಳಿದವರು ಹೇಳಿ

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ಈಗ ಅಮೆರಿಕದ ಯೂಟಾ ರಾಜ್ಯದ ಲೀಹೈ ಊರಿನಲ್ಲಿದ್ದೇನೆ. ಪ್ರಶ್ನೆ ಚಿಕ್ಕದು, ಹಿನ್ನೆಲೆ ಸ್ವಲ್ಪ ಉದ್ದ. ಬೇಜಾರು ಮಾಡಿಕೊಳ್ಳದೆ ಓದಿ.

ಮಗಳು ಏಳನೇ ಕ್ಲಾಸು. ಇಲ್ಲಿ ಆ ಕ್ಲಾಸಿಗೆ ಯೂಟಾ ಚರಿತ್ರೆ ಇರುತ್ತದೆ. ಪೋಸ್ಟರ್ ಮಾಡೋದಕ್ಕೆ ಅವಳು ಟೋಪಾಜ್ ಆರಿಸಿಕೊಂಡಳು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಮೂಲದ ಸುಮಾರು 1,20,000 ಜನರನ್ನು ಪಶ್ಚಿಮ ಕರಾವಳಿಯಿಂದ ಎಬ್ಬಿಸಿ ಮುಳ್ಳುತಂತಿಯೊಳಗೆ ಕೂಡಿಹಾಕಿದರಲ್ಲ, ಆ ಹತ್ತು ಶಿಬಿರಗಳಲ್ಲಿ ಇದೂ ಒಂದು. ನಮ್ಮ ಮನೆಯಿಂದ ಡೆಲ್ಟಾ ಊರಿಗೆ ಕಾರಿನಲ್ಲಿ ಎರಡು ಗಂಟೆ ದಾರಿ. ಅಲ್ಲಿ ಮ್ಯೂಸಿಯಂ ಇದೆ. ಶಿಬಿರದ ಜಾಗ ಅಲ್ಲಿಂದ ಇನ್ನೂ 16 ಮೈಲಿ.

ಊರಿನಿಂದ ಅಪ್ಪ ಬಂದಿದ್ದರು, ಅವರನ್ನೂ ಕರೆದುಕೊಂಡು ಹೋದೆವು. ಅಪ್ಪ ಮೂವತ್ತು ವರ್ಷ ರೈಸ್ ಮಿಲ್ಲಿನಲ್ಲಿ ದುಡಿದವರು. ಆ ಸದ್ದಿಗೆ ಎರಡೂ ಕಿವಿ ಹೋಗಿವೆ. ಮಷೀನು ಹಾಕಿಕೊಂಡರೆ ಎಡಗಿವಿಗೆ ಒಂದಿಷ್ಟು ಕೇಳುತ್ತದೆ, ಬಲಗಿವಿಗೆ ಏನೂ ಇಲ್ಲ. ಹಾಗಾಗಿ ಜೇಬಿನಲ್ಲಿ ಯಾವಾಗಲೂ ಒಂದು ಸಣ್ಣ ಪುಸ್ತಕ, ಪೆನ್ನು. ಮಾತು ಅರ್ಥವಾಗದಿದ್ದರೆ ಪುಸ್ತಕ ಮುಂದೆ ಹಿಡಿಯುತ್ತಾರೆ.

ಟೋಪಾಜ್‌ನಲ್ಲಿ ಈಗ ಏನೂ ಇಲ್ಲ ಅಂದರೂ ನಡೆಯುತ್ತದೆ. ಮೊಣಕಾಲೆತ್ತರದ ಕುರುಚಲು ಗಿಡ, ಬೂದಿಯಂಥ ಮಣ್ಣು, ತುಕ್ಕು ಹಿಡಿದ ಮೊಳೆಗಳು, ಒಡೆದ ಪಿಂಗಾಣಿ ಚೂರು. ಏನನ್ನೂ ಎತ್ತಿಕೊಳ್ಳಬಾರದು ಅಂತ ಮೊದಲೇ ಹೇಳಿರುತ್ತಾರೆ. ಗಾಳಿ ಅಂದರೆ ಗಾಳಿ. ಅಪ್ಪ ಐದೇ ನಿಮಿಷದಲ್ಲಿ ಮಷೀನು ಕಿತ್ತು ಜೇಬಿಗೆ ಹಾಕಿಕೊಂಡರು. ಗಾಳಿ ಬಡಿದರೆ ಅದರೊಳಗೆ ಜಲ್ಲಿಕಲ್ಲು ಸುರಿದ ಹಾಗೆ ಆಗುತ್ತದಂತೆ.

ನಮ್ಮ ಹಾಗೇ ನೋಡೋಕೆ ಬಂದಿದ್ದ ಒಬ್ಬರು ಪಶ್ಚಿಮದ ಬೇಲಿ ಇದ್ದ ಕಡೆ ಕೈ ತೋರಿಸಿ ಮಗಳಿಗೆ ಹೇಳಿದರು: 'ಅಲ್ಲಿ ಒಬ್ಬ ಮುದುಕನನ್ನು ಕಾವಲುಗಾರ ಗುಂಡಿಟ್ಟು ಕೊಂದ. ಪಾಪ, ಕಿವುಡ. ಅದಕ್ಕೇ ಕೂಗಿದ್ದು ಕೇಳಿಸಲಿಲ್ಲ.' ಹೆಸರು ಜೇಮ್ಸ್ ಹತ್ಸುಆಕಿ ವಾಕಾಸಾ. ವಯಸ್ಸು 63. ದಿನ 1943ರ ಏಪ್ರಿಲ್ 11, ಭಾನುವಾರ ಸಂಜೆ. ಮಗಳು ಎಲ್ಲವನ್ನೂ ಬರೆದುಕೊಂಡಳು.

ಅಪ್ಪ 'ಏನಂತೆ?' ಅಂದರು. ನಾನು ಪುಸ್ತಕದಲ್ಲಿ ಬರೆದು ತೋರಿಸಿದೆ. ಓದಿದರು. ಆ ಬೇಲಿ ಕಡೆ ಸುಮಾರು ಹೊತ್ತು ನೋಡುತ್ತಾ ನಿಂತರು. ಆಮೇಲೆ ನನ್ನ ವಾಕ್ಯದ ಕೆಳಗೇ ಬರೆದರು: 'ಕೇಳಿಸದವನು ಸುತ್ತ ನೋಡದೆ ನಡೆಯಲ್ಲ.'

ಅವರ ಮಟ್ಟಿಗಂತೂ ಇದು ನಿಜ. ರಸ್ತೆಯಲ್ಲಿ ಹತ್ತು ಹೆಜ್ಜೆಗೊಮ್ಮೆ ಹಿಂದೆ ತಿರುಗುತ್ತಾರೆ. ಹೋಟೆಲಿಗೆ ಹೋದರೆ ಬಾಗಿಲು ಕಾಣುವ ಕುರ್ಚಿಯೇ ಬೇಕು. ಊರಿನ ಮನೆಯಲ್ಲಿ ಕರಿಯ ಅಂತ ನಾಯಿ ಇತ್ತು. ಜಗಲಿಯಲ್ಲಿ ಕೂತು ಅಪ್ಪ ಪೇಪರ್ ಓದುತ್ತಿದ್ದರೂ ಒಂದು ಕಣ್ಣು ಅದರ ಕಿವಿ ಮೇಲೆ. ಕರಿಯನ ಕಿವಿ ನಿಮಿರಿತು ಅಂದರೆ ಯಾರೋ ಬಂದರು. ಒಂದೇ ಕಿವಿ ಎದ್ದರೆ ಪೋಸ್ಟ್‌ಮ್ಯಾನ್ ಅಂತೆ! ತಮಾಷೆಗೆ ಹೇಳುತ್ತಿದ್ದರೋ ನಿಜವೋ ಗೊತ್ತಿಲ್ಲ. ವಾಕಾಸಾ ಜತೆಗೂ ನಾಯಿ ಇತ್ತು ಅಂತ ಕೇಳಿದಾಗ ನನಗೆ ನೆನಪಾದದ್ದು ಇದೇ.

ಈಗ ಪ್ರಶ್ನೆ. ಅವರು ನಿಜವಾಗಲೂ ಕಿವುಡರಾಗಿದ್ರಾ? ಮಗಳ ಪೋಸ್ಟರ್‌ನಲ್ಲಿ ದಪ್ಪ ಅಕ್ಷರದಲ್ಲಿ ಅದೇ ಇದೆ. ಇನ್ನೊಂದು, ಅವರು ಮನುಷ್ಯರಾಗಿ ಹೇಗಿದ್ದರು? ಎಲ್ಲಿ ನೋಡಿದರೂ ಸತ್ತ ಸಂಜೆಯ ಕಥೆಯೇ ಇದೆ. ಉಳಿದ 63 ವರ್ಷ?

---

ಹಳೇಕಾಗದ (ಸ್ಯಾನ್ ಹೋಸೆ):

ಮೇಡಂ, ಒಳ್ಳೇ ಪ್ರಶ್ನೆ. ಕಿವಿ ಮಂದ ಇತ್ತು ಅನ್ನೋದು ಜನರ ಬಾಯಲ್ಲಿ ಬಂದ ಮಾತು. ನಾಯಿ ಕಡೆ ಗಮನ ಇತ್ತು, ಅದಕ್ಕೇ ಕೂಗಿದ್ದು ಗೊತ್ತಾಗಲಿಲ್ಲ ಅನ್ನೋದು ಇನ್ನೊಂದು. ಸೈನ್ಯ ಕೊಟ್ಟ ಹೇಳಿಕೆ ಹೀಗಿತ್ತು. ಕಾವಲುಗಾರ ಮೇಲಿಂದ ಹಲವು ಸಲ ಎಚ್ಚರಿಸಿದ, ಮುದುಕ ಕೇಳಲಿಲ್ಲ, ಬೇಲಿಯ ತಂತಿ ನುಸುಳಿ ಹೊರಗೆ ಹೋಗುತ್ತಿದ್ದ, ಅದಕ್ಕೆ ಗುಂಡು ಹಾರಿಸಿದ. ಮೊದಲು ಹೇಳಿದ್ದು ಇಷ್ಟು.

ಆಮೇಲೆ ಜಾಗ ನೋಡಿದರು, ಅಳತೆ ಮಾಡಿದರು. ದೇಹ ಬಿದ್ದಿದ್ದು ಬೇಲಿಯ ಒಳಗಡೆ, ಕೆಲವು ಅಡಿ ಈಚೆ. ಗುಂಡು ಬಿದ್ದಿದ್ದು ಎದೆಗೆ. ಅಂದರೆ ಅವರ ಮುಖ ಕಾವಲು ಗೋಪುರದ ಕಡೆಗೇ ಇತ್ತು. ತಂತಿ ನುಸುಳುವವನ ಎದೆ ಕಾವಲುಗಾರನ ಕಡೆ ಹೇಗೆ ತಿರುಗುತ್ತದೆ? ನಿಮ್ಮ ತಂದೆ ಬರೆದ ಸಾಲು ಓದಿ ನನಗೆ ಮೈ ಜುಮ್ಮೆಂದಿತು.

ಗುಂಡು ಹಾರಿಸಿದ ಸೈನಿಕ ಜೆರಾಲ್ಡ್ ಫಿಲ್ಪಾಟ್. ಸೈನ್ಯದ ಕೋರ್ಟಿನಲ್ಲಿ ವಿಚಾರಣೆ ಆಯಿತು. ಅದೇ ತಿಂಗಳು ಮುಗಿಯುವಷ್ಟರಲ್ಲಿ ತಪ್ಪಿತಸ್ಥನಲ್ಲ ಅಂತ ಬಿಟ್ಟರು.

ಬದುಕಿನ ಬಗ್ಗೆ ಕೇಳಿದಿರಿ. ಹುಟ್ಟಿದ್ದು ಜಪಾನಿನ ಇಷಿಕಾವಾ ಪ್ರಾಂತ್ಯ. ಟೋಕಿಯೋದ ಕೇಯೋ ಕಾಲೇಜಿನಲ್ಲಿ ಓದಿ, 1903ರಲ್ಲಿ ಅಮೆರಿಕಕ್ಕೆ ಬಂದರು. ಇಲ್ಲಿ ಬಂದು ಮತ್ತೆ ಶಿಕಾಗೋದ ಹೈಡ್ ಪಾರ್ಕ್ ಹೈಸ್ಕೂಲಿಗೆ ಸೇರಿದರು. ಯೋಚನೆ ಮಾಡಿ, ಇಪ್ಪತ್ತು ದಾಟಿದ ಆಳು, ಮೀಸೆ ಚಿಗುರದ ಹುಡುಗರ ಪಕ್ಕ ಬೆಂಚಿನಲ್ಲಿ. ಆಮೇಲೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲೂ ಓದಿದರು. ಕೊನೆಗೆ ಕೈ ಹಿಡಿದಿದ್ದು ಅಡುಗೆ. ಮೊದಲ ಮಹಾಯುದ್ಧದ ಕಾಲದಲ್ಲಿ ಅಯೋವಾದ ಕ್ಯಾಂಪ್ ಡಾಜ್ ಎಂಬ ಸೈನಿಕ ನೆಲೆಯಲ್ಲಿ ಅಡುಗೆ ಕಲಿಸುತ್ತಿದ್ದರು. ಹೌದು, ಅಮೆರಿಕದ ಸೈನ್ಯಕ್ಕೇ! ಮದುವೆಯಾಗಿರಲಿಲ್ಲ. ನಲವತ್ತು ವರ್ಷ ಇದ್ದರೂ ಈ ದೇಶದ ಪ್ರಜೆ ಆಗುವ ಹಾಗಿರಲಿಲ್ಲ. ಜಪಾನಿನಲ್ಲಿ ಹುಟ್ಟಿದವರಿಗೆ ಆ ಬಾಗಿಲು ತೆರೆದಿದ್ದು 1952ರಲ್ಲಿ.

ಟೋಪಾಜ್‌ಗೆ ಬಂದವರು ಜಾಸ್ತಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಮುತ್ತಲಿನವರು. ಮೊದಲು ಅವರನ್ನೆಲ್ಲ ಟ್ಯಾನ್‌ಫೊರಾನ್ ಎಂಬ ಕುದುರೆ ರೇಸ್ ಮೈದಾನದಲ್ಲಿ ಇಟ್ಟಿದ್ದರು, ಎಷ್ಟೋ ಜನರನ್ನು ಲಾಯದಲ್ಲೇ. ನಾನು ದಿನಾ ಆಫೀಸಿಗೆ ಹೋಗುವ ದಾರಿಯಲ್ಲಿ ಆ ಹೆಸರಿನ ಬೋರ್ಡ್ ಕಾಣುತ್ತದೆ. ಬಹಳ ವರ್ಷ ಅದು ಬರೀ ಅಂಗಡಿ ಮಾಲ್ ಅಂದುಕೊಂಡಿದ್ದೆ.

---

ನೇರನುಡಿ:

ಯುದ್ಧದ ಕಾಲ ಸ್ವಾಮಿ. ಸೈನಿಕನಿಗೂ ಹೆದರಿಕೆ ಇರುತ್ತೆ. ಕತ್ತಲಾಗ್ತಾ ಇತ್ತು, ದೂರದಿಂದ ಏನು ಕಾಣ್ಸುತ್ತೆ? ಪಾಪ ಮುದುಕನಿಗೆ ಕೇಳಿಸಿದ್ರೆ ಬದುಕ್ತಿದ್ರು. ದುರದೃಷ್ಟ ಅಷ್ಟೇ. ಎಂಬತ್ತು ವರ್ಷದ ಹಿಂದಿನದನ್ನ ಈಗ ಕೆದಕಿ ಏನು ಪ್ರಯೋಜನ?

---

ತುಂಗಾತೀರ:

@ನೇರನುಡಿ, ನಿಮ್ಮ ಜತೆ ಜಗಳಕ್ಕೆ ಬರುತ್ತಿಲ್ಲ. ಆದರೆ 'ಕೇಳಿಸಿದ್ರೆ ಬದುಕ್ತಿದ್ರು' ಅನ್ನೋ ಮಾತಿಗೆ ಒಂದು ಘಟನೆ ಹೇಳುತ್ತೇನೆ.

ಊರಿನಲ್ಲಿ ಒಂದು ಬ್ಯಾಂಕ್. ಹೆಸರು ಬೇಡ. ಅಪ್ಪ ಪಿಂಚಣಿ ತೆಗೆಯೋಕೆ ಹೋಗಿದ್ದರು, ನಾನೂ ಜತೆಗಿದ್ದೆ. ಟೋಕನ್ 41. ನಂಬರ್ ತೋರಿಸುವ ಬೋರ್ಡ್ ಕೆಟ್ಟಿತ್ತು, ಒಳಗಿನಿಂದ ಬಾಯಲ್ಲೇ ಕೂಗುತ್ತಿದ್ದರು. ನಾನು ಫೋನ್ ಬಂತು ಅಂತ ಹೊರಗೆ ಹೋದೆ. ಬರುವಷ್ಟರಲ್ಲಿ ಕೌಂಟರಿನವರು ನಿಂತುಕೊಂಡು ರೇಗುತ್ತಿದ್ದರು. 'ನಾಲ್ಕು ಸಲ ಕೂಗಿದೆ ಕಣ್ರೀ, ಕಿವಿ ಕೇಳ್ಸಲ್ವಾ?' ಅಪ್ಪ ಅವರ ತುಟಿ ನೋಡಿ ಅಷ್ಟನ್ನು ಹೇಗೋ ಅರ್ಥ ಮಾಡಿಕೊಂಡರು. 'ಇಲ್ಲ' ಅಂದರು. ಸುಮ್ನೆ, ಊಟ ಆಯ್ತಾ ಅಂದರೆ ಇಲ್ಲ ಅನ್ನುವ ಹಾಗೆ. ಇಡೀ ಬ್ಯಾಂಕ್ ತಣ್ಣಗಾಯಿತು.

ಆಮೇಲೆ ಆ ಮನುಷ್ಯ ನನ್ನ ಹತ್ತಿರ ಬಂದು ಏನಂದರು ಗೊತ್ತಾ? 'ಮೊದಲೇ ಹೇಳಬಾರದಾ ಅಮ್ಮ, ಇವರಿಗೆ ಕೇಳಲ್ಲ ಅಂತ.' ಬೋರ್ಡ್ ಕೆಟ್ಟಿದೆ ಅನ್ನೋ ಮಾತೇ ಬರಲಿಲ್ಲ. ತಪ್ಪು ಅಪ್ಪನ ಕಿವಿಯದು, ಅದು ಬಿಟ್ಟರೆ ಅದನ್ನು ಹೇಳದ ನನ್ನದು.

ಅಲ್ಲಿ ಹೋಗಿದ್ದು ಅರ್ಧ ಗಂಟೆ. ಟೋಪಾಜ್‌ನಲ್ಲಿ ಹೋಗಿದ್ದು ಜೀವ. ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಆದರೆ ಮಾತಿನ ದಾರಿ ಒಂದೇ ಅಲ್ವಾ? ಬೇಲಿಯೊಳಗೆ ನಾಯಿ ಜತೆ ತಿರುಗಾಡುತ್ತಿದ್ದವರ ಮೇಲೆ ಗುಂಡು ಯಾಕೆ ಅಂತ ಕೇಳಿದರೆ ಅವರ ಕಿವಿಯ ಕಥೆ ಬರುತ್ತದೆ.

---

ಹಳೇಕಾಗದ (ಸ್ಯಾನ್ ಹೋಸೆ):

@ನೇರನುಡಿ, ದುರದೃಷ್ಟ ಅನ್ನೋದಾದರೆ ಅದು ಬೇಗ ಮರುಕಳಿಸಬಾರದಿತ್ತು. ಮರುತಿಂಗಳೇ, ಮೇನಲ್ಲಿ, ಅದೇ ಶಿಬಿರದಲ್ಲಿ ಬೇಲಿ ಹತ್ತಿರ ನಡೆಯುತ್ತಿದ್ದ ಒಂದು ಜೋಡಿಯ ಮೇಲೆ ಇನ್ನೊಬ್ಬ ಕಾವಲುಗಾರ ಗುಂಡು ಹಾರಿಸಿದ. ಪುಣ್ಯಕ್ಕೆ ತಗುಲಲಿಲ್ಲ. ಆ ಇಬ್ಬರಿಗೂ ಕಿವಿ ಕೇಳಿಸುತ್ತಿರಲಿಲ್ವಾ?

ಕೆದಕೋದು ಅಂದಿರಲ್ಲ, ಕೆದಕಿದ ಕಥೆಯೇ ಒಂದಿದೆ. ವಾಕಾಸಾ ಸತ್ತ ಜಾಗದಲ್ಲೇ ಅಂತ್ಯಸಂಸ್ಕಾರದ ಸಭೆ ಆಗಬೇಕು ಅಂತ ಜನ ಹಟ ಹಿಡಿದರು. ಆಡಳಿತ ಒಪ್ಪಲಿಲ್ಲ. ಕೊನೆಗೆ ಹತ್ತಿರದ ಬಯಲಿನಲ್ಲಿ ಏಪ್ರಿಲ್ 19ಕ್ಕೆ ನಡೆಯಿತು, ಸಾವಿರಕ್ಕೂ ಹೆಚ್ಚು ಜನ. ಮರುಭೂಮಿ, ಹೂವು ಎಲ್ಲಿಂದ ತರೋದು? ಹೆಂಗಸರು ಕೂತು ಕಾಗದದಲ್ಲೇ ಹೂವು ಮಾಡಿ ದೊಡ್ಡ ದೊಡ್ಡ ಹೂಚಕ್ರ ಕಟ್ಟಿದರು. ಅದರ ಫೋಟೋ ಇದೆ. ನಿಮ್ಮ ಮಗಳ ಪೋಸ್ಟರ್‌ಗೆ ಅದು ಆಗುತ್ತದೆ ನೋಡಿ.

ಆಮೇಲೆ ಕೆಲವರು ಸೇರಿ ಆ ಜಾಗದಲ್ಲಿ ಕಲ್ಲಿನ ಸ್ಮಾರಕ ಎಬ್ಬಿಸಿದರು. ಅದಕ್ಕೂ ಮೇಲಿಂದ ಬೇಡ ಅಂತ ಬಂತು, ಕೆಡವಿ ಅಂದರು. ಕೆಡವಿದರು. ಆದರೆ ದೊಡ್ಡ ಕಲ್ಲನ್ನು ಬೇರೆ ಕಡೆ ಎಸೆಯಲಿಲ್ಲ, ಅಲ್ಲೇ ಮಣ್ಣಿನಲ್ಲಿ ಹುಗಿದರು. 2020ರಲ್ಲಿ ಇಬ್ಬರು ಪುರಾತತ್ವ ತಜ್ಞರು, ಜೆಫ್ ಬರ್ಟನ್ ಮತ್ತು ಮೇರಿ ಫ್ಯಾರೆಲ್, ಹಳೇ ನಕ್ಷೆಯೊಂದನ್ನು ಹಿಡಿದು ಹುಡುಕಿಕೊಂಡು ಹೋದಾಗ ಅದರ ತುದಿ ನೆಲದಿಂದ ಇಣುಕುತ್ತಿತ್ತು. ಸುಮಾರು 1000 ಪೌಂಡ್ ಕಲ್ಲು. 77 ವರ್ಷ ಅಲ್ಲೇ ಇತ್ತು. 2021ರ ಜುಲೈ 27ಕ್ಕೆ ಮ್ಯೂಸಿಯಂನವರು ಮೆಷಿನ್ ತಂದು ಅದನ್ನು ಎತ್ತಿಸಿ ಡೆಲ್ಟಾಕ್ಕೆ ಸಾಗಿಸಿದರು. ಪುರಾತತ್ವದವರಿಲ್ಲ, ಶಿಬಿರದಲ್ಲಿದ್ದ ಮನೆತನಗಳವರಿಲ್ಲ. ಅದು ದೊಡ್ಡ ನೋವಿಗೆ ಕಾರಣವಾಯಿತು. 2023ರಲ್ಲಿ, 80ನೇ ವರ್ಷಕ್ಕೆ, ಅವರೆಲ್ಲ ಅಲ್ಲಿಗೆ ಬಂದು ಕಲ್ಲಿನ ಮುಂದೆ ಪ್ರಾರ್ಥನೆ ಮಾಡಿದರು.

ಮ್ಯೂಸಿಯಂ ಬಗ್ಗೆ ಬರೀ ಬೈದು ಮುಗಿಸೋದೂ ಸರಿಯಲ್ಲ. 1982ರಲ್ಲಿ ಡೆಲ್ಟಾ ಹೈಸ್ಕೂಲಿನ ಟೀಚರ್ ಜೇನ್ ಬೆಕ್ವಿತ್ ತಮ್ಮ ಪತ್ರಿಕೋದ್ಯಮ ಕ್ಲಾಸಿನ ಮಕ್ಕಳನ್ನು ಕಟ್ಟಿಕೊಂಡು ಈ ಕೆಲಸ ಶುರು ಮಾಡದಿದ್ದರೆ ಇವತ್ತು ನೋಡೋಕೆ ಅಷ್ಟೂ ಉಳಿದಿರುತ್ತಿರಲಿಲ್ಲ.

---

ಕೈಮಾತು (ಮೈಸೂರು):

ಮೇಡಂ, ನಾನು ಕಿವಿ ಕೇಳಿಸದ ಮಕ್ಕಳಿಗೆ ಪಾಠ ಹೇಳುವವಳು, ಹತ್ತೊಂಬತ್ತು ವರ್ಷದಿಂದ. ವಾಕಾಸಾ ವಿಷಯ ಹಳೇಕಾಗದ ಸರ್ ಹೇಳಿದ್ದಾರೆ. ಆ ಶಿಬಿರಗಳಲ್ಲಿ ಕಿವಿ ಕೇಳಿಸದೆ ಬದುಕಿದ ಒಬ್ಬರ ಬಗ್ಗೆ ನಾನು ಹೇಳುತ್ತೇನೆ. ಅವರ ಕಥೆ ಅವರ ಮಾತಿನಲ್ಲೇ ದಾಖಲಾಗಿದೆ.

ಹ್ಯಾನಾ ತಕಾಗಿ ಹೋಮ್ಸ್. ಇವರು ಅಮೆರಿಕದಲ್ಲೇ ಹುಟ್ಟಿದವರು. ಬರ್ಕ್ಲಿಯಲ್ಲಿದ್ದ ಕ್ಯಾಲಿಫೋರ್ನಿಯಾ ಕಿವುಡರ ಶಾಲೆಯಲ್ಲಿ ಓದುತ್ತಿದ್ದ ಹುಡುಗಿ. 1942ರಲ್ಲಿ ಆ ಶಾಲೆ ತಪ್ಪಿತು, ಮನೆಯವರ ಜತೆ ಮಂಜನಾರ್ ಶಿಬಿರಕ್ಕೆ. ಅಲ್ಲಿ ಅವರಂಥವರಿಗೆ ಶಾಲೆಯೇ ಇಲ್ಲ. ಟ್ಯೂಲ್ ಲೇಕ್ ಶಿಬಿರದಲ್ಲಿ ಇದೆ ಅಂತ ಹೇಳಿದ್ದಕ್ಕೆ ಸಂಸಾರ ಅಲ್ಲಿಗೆ ಹೋಯಿತು. ಶಾಲೆಗೆ ಹೆಲೆನ್ ಕೆಲ್ಲರ್ ಹೆಸರು ಇಟ್ಟಿದ್ದರು. ಕೆಲ್ಲರ್ ಆ ಹುಡುಗಿಗೆ ಕಾಗದವನ್ನೂ ಬರೆದರು. ಆದರೆ ಹೆಸರು ದೊಡ್ಡದು, ಶಾಲೆ ಹೆಸರಿಗಷ್ಟೇ. ಕಣ್ಣು ಕಾಣದ ಮಗು, ಕಿವಿ ಕೇಳದ ಮಗು, ಬುದ್ಧಿ ಬೆಳೆಯದ ಮಗು, ಎಲ್ಲರಿಗೂ ಸೇರಿಸಿ ಒಂದೇ ಕೋಣೆ ಇದ್ದ ಹಾಗೆ. ಕೈಭಾಷೆ ಬರುವ ಟೀಚರ್ ಇಲ್ಲ. ಕೊನೆಗೆ ಶಿಬಿರ ಬಿಟ್ಟು ಇಲಿನಾಯ್ ರಾಜ್ಯದ ಕಿವುಡರ ಶಾಲೆಗೆ ಸೇರಿಯೇ ಓದು ಮುಂದುವರಿಸಿದ್ದು. ಮುಂದೆ 1981ರಲ್ಲಿ ಈ ಶಿಬಿರಗಳ ವಿಚಾರಣೆ ಮಾಡಿದ ಸರ್ಕಾರದ ಆಯೋಗದ ಮುಂದೆ ನಿಂತು ಇದನ್ನೆಲ್ಲ ಹೇಳಿದರು. 1988ರ ಕಾನೂನಿನಲ್ಲಿ ಬದುಕುಳಿದ ಪ್ರತಿಯೊಬ್ಬರಿಗೂ 20,000 ಡಾಲರ್ ಮತ್ತು ಕ್ಷಮೆ ಸಿಕ್ಕಿತಲ್ಲ, ಅದರ ಹಿಂದೆ ಇಂಥ ನೂರಾರು ಸಾಕ್ಷಿಗಳಿವೆ.

ಇದನ್ನು ಯಾಕೆ ಹೇಳಿದೆ ಅಂದರೆ, ಮುಳ್ಳುತಂತಿಯೊಳಗಿನ ಬದುಕು ಪೂರ್ತಿ ಸದ್ದಿನ ಮೇಲೇ ನಡೆಯುತ್ತಿತ್ತು. ಊಟಕ್ಕೆ ಗಂಟೆ. ಎದ್ದೇಳೋದಕ್ಕೆ ಸೈರನ್. ಬಾಗಿಲು ತಟ್ಟಿ ಹೇಳುವ ಸುದ್ದಿ. ರಾತ್ರಿ ಗೋಪುರದ ದೀಪ ಬಿಟ್ಟರೆ ಕಣ್ಣಿಗೆ ಅಂತ ಏನೂ ಇಲ್ಲ. ನಮ್ಮ ಮಕ್ಕಳಿಗೆ ನಾವು ಲೈಟ್ ಆರಿಸಿ ಹಚ್ಚಿ ಕರೆಯುತ್ತೇವೆ, ನೆಲ ಕುಟ್ಟುತ್ತೇವೆ, ಭುಜ ಮುಟ್ಟುತ್ತೇವೆ. ಗೋಪುರದ ಮೇಲಿರುವವನಿಗೆ ಇರೋದು ಎರಡೇ: ಕೂಗು, ಇಲ್ಲ ಬಂದೂಕು.

ನಿಮ್ಮ ತಂದೆಗೆ ನನ್ನ ನಮಸ್ಕಾರ ಹೇಳಿ. ಒಂದು ಕಿವಿಮಾತು (ನಮ್ಮ ಶಾಲೆಯಲ್ಲಿ ಈ ಪದಕ್ಕೆ ಎಲ್ಲರೂ ನಗುತ್ತಾರೆ!): ಗಾಳಿಯಲ್ಲಿ ಮಷೀನು ತೆಗೆಯೋದು ಬೇಡ. ಮೈಕಿನ ಮೇಲೆ ಹಾಕುವ ಸಣ್ಣ ಸ್ಪಂಜಿನ ಕವರ್ ಸಿಗುತ್ತದೆ. ಜಲ್ಲಿಕಲ್ಲು ಕಡಿಮೆಯಾಗುತ್ತದೆ.

---

ತುಂಗಾತೀರ:

ಎಲ್ಲರಿಗೂ ಧನ್ಯವಾದ. ಸ್ಪಂಜಿನ ಕವರ್ ಆರ್ಡರ್ ಮಾಡಿದೆ.

ನಿಮ್ಮ ಉತ್ತರಗಳನ್ನೆಲ್ಲ ಪ್ರಿಂಟ್ ತೆಗೆದು ಅಪ್ಪನಿಗೆ ಕೊಟ್ಟೆ. ಫೋನಿನಲ್ಲಿ ಓದೋದು ಅವರಿಗೆ ಆಗಲ್ಲ. ಡೈನಿಂಗ್ ಟೇಬಲ್ ಮೇಲೆ ಹರಡಿಕೊಂಡು ಓದಿದರು. ಕ್ಯಾಂಪ್ ಡಾಜ್ ವಿಷಯ ಬಂದಾಗ ಬೆರಳು ಅಲ್ಲೇ ನಿಂತಿತು. 'ಭಟ್ಟರಾ?' ಅಂದರು, ಜೋರಾಗಿ. ತಮ್ಮ ದನಿ ಎಷ್ಟು ದೊಡ್ಡದು ಅಂತ ಅವರಿಗೆ ಗೊತ್ತಾಗಲ್ಲ. ಸೈನ್ಯಕ್ಕೆ ಅಡುಗೆ ಕಲಿಸುತ್ತಿದ್ದರಂತೆ ಅಂತ ನಾನು ಬರೆದು ತೋರಿಸಿದೆ. ಅದು ಅವರಿಗೆ ಬಹಳ ಹಿಡಿಸಿತು. ನೂರು ಜನಕ್ಕೆ ಅನ್ನ ಇಡೋವಾಗ ನೀರಿನ ಲೆಕ್ಕ ಹೇಗೆ ಅನ್ನೋದನ್ನು ಹತ್ತು ನಿಮಿಷ ನನಗೆ ಹೇಳಿದರು. ಮಿಲ್ಲಿನಲ್ಲಿ ಪೂಜೆ ದಿನ ಅಡುಗೆ ಇವರದೇ ಇರುತ್ತಿತ್ತು.

ಪೋಸ್ಟರ್ ವಿಷಯ. ಮಗಳು ನಿಮ್ಮ ಉತ್ತರ ನೋಡಿ 'ಕಿವುಡ' ಅನ್ನೋ ಪದ ಇದ್ದ ಸಾಲನ್ನೇ ಹರಿದು ಹಾಕಲು ಹೊರಟಳು. ಪಕ್ಕಾ ಇಲ್ಲ ಅಂದಮೇಲೆ ಯಾಕೆ ಅಂತ. ಅಪ್ಪ ಅವಳ ಕೈ ಹಿಡಿದು ನಿಲ್ಲಿಸಿದರು. ಆ ಸಾಲು ಇಂಗ್ಲಿಷಿನಲ್ಲಿ ಇತ್ತು. ನನ್ನ ಹತ್ತಿರ ಪ್ರತಿ ಪದದ ಅರ್ಥ ಕೇಳಿದರು. 'ಅವರು ಕಿವುಡರು, ಅದಕ್ಕೇ ಗುಂಡು ಬಿತ್ತು.' ಪೆನ್ನು ತೆಗೆದರು. 'ಕಿವುಡರು' ಅನ್ನೋದನ್ನು ಮುಟ್ಟಲಿಲ್ಲ. 'ಅದಕ್ಕೇ' ಅನ್ನೋದರ ಮೇಲೆ ಎರಡು ಗೆರೆ ಎಳೆದರು.

ಮೊಮ್ಮಗಳಿಗೆ ಸಿಟ್ಟು ಬಂತು, ಚಂದದ ಪೋಸ್ಟರ್ ಹಾಳಾಯಿತು ಅಂತ. ಆಮೇಲೆ ಇಬ್ಬರೂ ಕೂತು ಹೊಸ ಕಾಗದ ಅಂಟಿಸಿದರು. ಈಗ ಹೀಗಿದೆ: 'ವಾಕಾಸಾ ಅಡುಗೆ ಕಲಿಸುತ್ತಿದ್ದರು. ನಾಯಿ ಜತೆ ಬೇಲಿಯ ಒಳಗೆ ನಡೆಯುತ್ತಿದ್ದರು. ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ ಅನ್ನುತ್ತಾರೆ. ಕಾವಲುಗಾರ ಗುಂಡು ಹಾರಿಸಿದ.' ನಾಲ್ಕೂ ಬೇರೆ ಬೇರೆ ವಾಕ್ಯ. ಕೆಳಗೆ ಕಾಗದದ ಹೂಚಕ್ರ, ಮಗಳೇ ಕ್ರೇಪ್ ಕಾಗದದಲ್ಲಿ ಮಾಡಿದ್ದು. ಒಂದು ಹೂವಿಗೇ ಅರ್ಧ ಗಂಟೆ ಆಯಿತು. ಅಲ್ಲಿ ಆ ಹೆಂಗಸರು ಎಷ್ಟು ಹೂವು ಮಾಡಿರಬಹುದು ಅಂತ ನನ್ನನ್ನು ಕೇಳುತ್ತಿದ್ದಾಳೆ.

ಹಳೇಕಾಗದ ಸರ್, ಆ ಕಲ್ಲು ಮ್ಯೂಸಿಯಂನಲ್ಲೇ ಇದೆ ಅಂತ ಗೊತ್ತಿದ್ದರೆ ಮೊನ್ನೆಯೇ ಸರಿಯಾಗಿ ನೋಡುತ್ತಿದ್ದೆವು. ಅಪ್ಪನ ವಾಪಸ್ ಟಿಕೆಟ್ 23ಕ್ಕೆ. ಅದರೊಳಗೆ ಒಂದು ಶನಿವಾರ ಮತ್ತೆ ಹೋಗೋಣ ಅಂತಿದ್ದಾರೆ. ಸಾಲ್ಟ್ ಲೇಕ್ ಕಡೆಯವರು ಯಾರಾದರೂ ಬರೋದಿದ್ದರೆ ಹೇಳಿ, ನಮ್ಮ ಕಾರಿನಲ್ಲಿ ಎರಡು ಸೀಟು ಖಾಲಿ ಇವೆ. ಪುಳಿಯೋಗರೆ ಅಪ್ಪನದು.